ಹಳೇ ವೇಬ್ರಿಡ್ಜಿನಿಂದ ಬಂದ ಸಂದೇಶಗಳು

ಶಕುನ, ಸೂಚನೆ, ದೆವ್ವ ಅಂತ ಯಾರಾದರೂ ಮಾತು ತೆಗೆದರೆ ಎದ್ದು ಹೋಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆ ಅನ್ನಲಾರೆ. ಗಣಿಗಾರಿಕೆ ಜೋರಾಗಿದ್ದ ಕಾಲದಲ್ಲಿ ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ, ಅಷ್ಟೇ.

ಆಗ ನಾನು ಹೊಸಪೇಟೆಯಿಂದ ದಿನಾ ಸಂಡೂರು ತಾಲೂಕಿನ ವಡ್ಡುವಿಗೆ ಹೋಗಿ, ಒಂದು ಅದಿರು ಯಾರ್ಡಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದೆ. ಲಾರಿ ತೂಗುವ ವೇಬ್ರಿಡ್ಜುಗಳ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿದ್ದೆವು. ಅವುಗಳ ಕರ್ನಲ್ ಲಾಗು, ಅಂದರೆ ಒಳಗೆ ನಡೆದದ್ದರ ದಾಖಲೆ, ಆಫೀಸಿನ ಸರ್ವರಿಗೆ ಬಂದು ಬೀಳುತ್ತಿತ್ತು. ಹೊಸ ಆವೃತ್ತಿ ಹಾಕಿದ ಮೇಲೆ ಆಡಿಟ್ ಸಂದೇಶಗಳ ಕಾಟ ಶುರುವಾಯಿತು. ಯಾರು ಲಾಗಿನ್ ಆದರು, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತು, ಎಲ್ಲಕ್ಕೂ ಒಂದೊಂದು ಸಾಲು. ಅದರೊಳಗೆ ನಿಜವಾದ ದೋಷ ಕಣ್ಣಿಗೇ ಬೀಳುತ್ತಿರಲಿಲ್ಲ.

ಒಂದು ಬೇಸಿಗೆ ಮಧ್ಯಾಹ್ನ ಬೇಸತ್ತು ಆಫೀಸಿನಲ್ಲೇ ಕೂತು ಎಲ್ಲ ಯಂತ್ರಗಳಲ್ಲೂ ಆಡಿಟ್ ಬಂದ್ ಮಾಡಿದೆ. ಗುಡ್ಡದ ಹಿಂದಿನ ಹಳೇ ವೇಬ್ರಿಡ್ಜಿನ ಯಂತ್ರವೊಂದು ಮಾತ್ರ ನೆಟ್‌ವರ್ಕಿನಲ್ಲಿ ನನಗೆ ಸಿಗಲಿಲ್ಲ. ಉಳಿದವು ತೆಪ್ಪಗಾದವು. ಅದರ ಹೆಸರಿನಲ್ಲಿ ಮಾತ್ರ ಸಾಲುಗಳು ಸುರಿಯುತ್ತಲೇ ಇದ್ದವು: ಲಾಗಿನ್ ವಿಫಲ, ಲಾಗಿನ್ ವಿಫಲ; ಯಾರೋ ಒಳಗೆ ಬರಲು ನೋಡಿ ನೋಡಿ ಆಗದೆ ಹೋದ ಹಾಗೆ. ಅಲ್ಲಿನ ಆಪರೇಟರ್ ಗಾದಿಲಿಂಗಪ್ಪನವರಿಗೆ ಫೋನ್ ಮಾಡಿದರೆ ಎತ್ತಲಿಲ್ಲ.

"ನಡ್ರಿ ಸಾರ್, ಜೀಪಿನ್ಯಾಗ ಹೋಗಿ ನೋಡೇ ಬರೋಣ" ಅಂದ ಡ್ರೈವರ್ ಹುಲುಗಪ್ಪ.

ವೇಬ್ರಿಡ್ಜಿನ ಕೋಣೆಯ ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ದೂಡಿದರೆ ಗಾದಿಲಿಂಗಪ್ಪ ನೆಲದ ಮೇಲೆ ಬಿದ್ದಿದ್ದರು. ಅಂಗಿಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಹುಲುಗಪ್ಪ "ಕಾಕಾ, ಏ ಕಾಕಾ" ಅಂತ ಅಲುಗಾಡಿಸಿದರೂ ಮಾತಿಲ್ಲ. ಆ ಕೋಣೆಯಲ್ಲಿ ಬೇರೇನನ್ನೂ ನಾನು ನೋಡಲಿಲ್ಲ. ಇಬ್ಬರೂ ಎತ್ತಿ ಜೀಪಿಗೆ ಹಾಕಿಕೊಂಡು ಸಂಡೂರಿನ ಆಸ್ಪತ್ರೆಗೆ ಓಡಿದೆವು. ಸಕ್ಕರೆ ಕಾಯಿಲೆಯವರು, ಸಕ್ಕರೆ ಪೂರಾ ಇಳಿದುಹೋಗಿದೆ ಅಂದರು ಡಾಕ್ಟರು. ಗ್ಲೂಕೋಸ್ ಏರಿಸಿದರು. ಸಂಜೆಯ ಹೊತ್ತಿಗೆ ಎದ್ದು ಕೂತರು.

"ಯಾವುದೋ ಬಾಗಲಾ ಬಡದು ಬಡದು ಸಾಕಾಗಿತ್ರಿ, ಯಾರೂ ತಗೀಲಿಲ್ಲ. ಕನಸಿರಬೇಕು" ಅಂದರು. ಆಮೇಲೆ ನನ್ನತ್ತ ತಿರುಗಿ, "ಅಲ್ರೀ, ನಾ ಬಿದ್ದೀನಂತ ನಿಮಗ ಯಾರು ಹೇಳಿದ್ರು?" ಅಂತ ಕೇಳಿದರು.

"ಯಾರೂ ಇಲ್ಲ ಕಾಕಾ. ನಿಮ್ಮ ಕಂಪ್ಯೂಟರಿಂದ ಒಂದೇ ಸಮ ಮೆಸೇಜ್ ಬರಾಕತ್ತಿದ್ವು" ಅಂದೆ.

ಅವರು ಹುಲುಗಪ್ಪನ ಮುಖ ನೋಡಿದರು. "ಯಾವ ಕಂಪ್ಯೂಟರ್ರೀ? ಅದು ಸುಟ್ಟೈತಂತ ರಿಪೇರಿಯವ ಮುಂಜಾನೇನ ಹೊಸಪೇಟಿಗೆ ಒಯ್ದಾನಲ್ರಿ. ನಾ ಖಾಲಿ ಟೇಬಲ್ ಕಾಯ್ಕೊಂತ ಕುಂತಿದ್ದೆ."

ಮರುದಿನ ಹೋಗಿ ನೋಡಿದೆ. ಟೇಬಲ್ಲಿನ ಮೇಲೆ ಕೆಂಪು ಧೂಳಿನ ನಡುವೆ ಕಂಪ್ಯೂಟರಿನ ಡಬ್ಬಿ ಇದ್ದ ಜಾಗ ಮಾತ್ರ ಕಾಣುತ್ತಿತ್ತು. ರಿಪೇರಿ ಅಂಗಡಿಯವನು ಅದಕ್ಕೆ ಕರೆಂಟೇ ಕೊಟ್ಟಿಲ್ಲ ಅಂದ. ಸರ್ವರಿನಲ್ಲಿ ಸಾಲುಗಳೇನೋ ಇದ್ದವು, ಹಿಂದಿನ ದಿನದ ಮಧ್ಯಾಹ್ನದವೇ.

ತಿಳಿದವರನ್ನು ಕೇಳಿದೆ. ಬೇರೆ ಯಂತ್ರಕ್ಕೆ ಅದೇ ಹೆಸರು ಬಿದ್ದಿರಬೇಕು ಅಂದರು. ಅಷ್ಟರಲ್ಲಾಗಲೇ ನಾನು ಯಾರ್ಡೆಲ್ಲ ತಿರುಗಿ ಒಂದೊಂದು ಯಂತ್ರವನ್ನೂ ತೆರೆದು ನೋಡಿದ್ದೆ. ಅಂಥದ್ದು ಒಂದೂ ಇರಲಿಲ್ಲ.