‘ಇಲ್ಲಿ’ ಎಂದರೆ ಎಲ್ಲಿ: ಕೊಪ್ಪಳ ಸೀಮೆಯಲ್ಲಿ ನಾಲ್ಕು ದಿನ

ಬುಧವಾರ ಬೆಳಿಗ್ಗೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿದಾಗ ಜಿಟಿಜಿಟಿ ಮಳೆ ಇತ್ತು. ಗದಗ ದಾಟಿದ ಮೇಲೆ ಮಳೆ ನಿಂತಿತು. ಕೊಪ್ಪಳದಲ್ಲಿ ಇಳಿದಾಗ ಬಿಸಿಲು ಬೆನ್ನಿಗೆ ಚುರುಕು ಮುಟ್ಟಿಸುತ್ತಿತ್ತು. ಕೋಟೆಯಿರುವ ಊರು; ಆದರೆ ನಾನು ಬಂದದ್ದು ಕೋಟೆ ನೋಡಲು ಅಲ್ಲ. ವಿಶ್ವವಿದ್ಯಾಲಯವೊಂದರ ವೆಬ್‌ಸೈಟನ್ನು ಹೊಸದಾಗಿ ಕಟ್ಟುವ ಕೆಲಸ ನಮ್ಮ ಸಣ್ಣ ತಂಡಕ್ಕೆ ಬಂದಿತ್ತು. ಅದರಲ್ಲಿ ನನ್ನ ಪಾಲಿನದು ಬರಹ: ಯಾವ ಗುಂಡಿಯ ಮೇಲೆ ಯಾವ ಮಾತಿರಬೇಕು, ಯಾವ ಪುಟದಲ್ಲಿ ಮೊದಲು ಏನು ಬರಬೇಕು. ಕಟ್ಟುವ ಮೊದಲು ಊರೂರಿಗೆ ಹೋಗಿ, ಹಳೆಯದನ್ನು ಬಳಸುವವರ ಪಕ್ಕದಲ್ಲಿ ಕೂತು ನೋಡಬೇಕೆಂದು ತೀರ್ಮಾನವಾಗಿತ್ತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನನ್ನ ಪಾಲಿಗೆ ಬಂದವು.

ಕೊಪ್ಪಳದ ಕಾಲೇಜೊಂದರಲ್ಲಿ ಹತ್ತಾರು ವಿದ್ಯಾರ್ಥಿಗಳು ಕಾದಿದ್ದರು. ವೆಬ್‌ಸೈಟ್ ತೆರೆಯಿರಿ ಎಂದರೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ಹೇಳಿದಳು: “ಮೇಡಂ, ಅದನ್ನ ನೋಡಾಕ ನಮ್ಮ ಕ್ಲಾಸಿನ್ಯಾಗ ಒಬ್ಬಾಂವ ಅದಾನ್ರಿ. ಅವ ನೋಡಿ ಗ್ರೂಪಿನ್ಯಾಗ ಹಾಕ್ತಾನ. ಇವತ್ತ ಅವ ರಜಾ.” ಎಲ್ಲರೂ ನಕ್ಕರು, ನಾನೂ ನಕ್ಕೆ.

ಸಂಜೆ ಗಂಗಾವತಿಗೆ ಹೊರಟೆ. ನಲವತ್ತೈದು ಕಿಲೋಮೀಟರ್ ಹತ್ತಿರ. ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಚೀಟಿ ಹರಿದು ಕೊಟ್ಟರು. ಒಣ ಹೊಲಗಳು ಮುಗಿದು ಬಂಡೆಗಲ್ಲಿನ ಗುಡ್ಡಗಳು ಬಂದವು, ಗುಡ್ಡಗಳ ನಡುವೆ ಒಮ್ಮೆಲೇ ಗದ್ದೆಗಳ ಹಸಿರು ಬಂತು. ಬಸ್‌ ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಉಂಡು ಲಾಡ್ಜಿನಲ್ಲಿ ಉಳಿದೆ.

ಗುರುವಾರ ಗಂಗಾವತಿ ಹತ್ತಿರದ ಸಿದ್ದಾಪುರ. ಅಲ್ಲಿ ಮಲ್ಲಮ್ಮನನ್ನು ನೋಡಬೇಕಿತ್ತು. ಬಿ.ಎ. ಕೊನೆಯ ವರ್ಷದ ಹುಡುಗಿ, ಸಣ್ಣವಳಿದ್ದಾಗ ಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ಫೋನುಗಳಲ್ಲಿ ಇರುತ್ತದೆ. ಅವಳು ಓದುವುದು ಅದರಿಂದ. ಬಸ್ಸಿಳಿದು ನಾನು ಅತ್ತಿತ್ತ ನೋಡುತ್ತಿದ್ದಾಗ, ಬಿಳಿ ಕೋಲು ಹಿಡಿದು ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದವಳು ನನ್ನ ಕಡೆ ಮುಖ ತಿರುಗಿಸಿದಳು.

“ಹುಬ್ಬಳ್ಳಿ ಅಕ್ಕಾರೇನ್ರಿ? ಬಸ್ಸಿಳದಾರು ಎಲ್ಲಾರೂ ಹೋದ್ರು, ಒಂದ ಜೋಡು ಚಪ್ಪಲಿ ಅಲ್ಲೇ ನಿಂತಾವು. ಹೊಸಬರ ಇರಬೇಕು ಅಂದ್ಕೊಂಡೆ.”

ಚಹಾ ಕುಡಿಯುತ್ತಲೇ ಕೆಲಸ ಶುರುವಾಯಿತು. ಅವಳು ವೆಬ್‌ಸೈಟ್ ತೆರೆದು, ಲಿಂಕಿನಿಂದ ಲಿಂಕಿಗೆ ಬೆರಳು ಸರಿಸುತ್ತ ಹೋದಳು. ಫೋನಿನ ಹೆಣ್ಣು ದನಿ ಓದಿತು: ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಇಲ್ಲಿ ಕ್ಲಿಕ್ ಮಾಡಿ, ಲಿಂಕ್. ಕಣ್ಣಿರುವವರಿಗೆ ಪಕ್ಕದಲ್ಲಿ ಒಂದು ಸಾಲು ಕಾಣುತ್ತದೆ: ಫಲಿತಾಂಶಕ್ಕಾಗಿ, ಶುಲ್ಕಕ್ಕಾಗಿ, ಪರೀಕ್ಷಾ ಅರ್ಜಿಗಾಗಿ. ಲಿಂಕುಗಳನ್ನಷ್ಟೇ ಕೇಳುತ್ತ ಜಿಗಿಯುವವಳಿಗೆ ಸಿಗುವುದು ಬರೀ ‘ಇಲ್ಲಿ’.

“ಇಕಿ ಬೆಂಗಳೂರಾಕಿ ರೀ,” ಎಂದು ಫೋನನ್ನು ತಟ್ಟಿದಳು. “ಇಲ್ಲಿ ಇಲ್ಲಿ ಅಂತ ದಿನಾ ಕರೀತಾಳ. ಇಲ್ಲಿ ಅಂದ್ರ ಎಲ್ಲಿ ಅಂತ ಕೇಳಿದ್ರ ಬಾಯಿ ಬಿಡಂಗಿಲ್ಲ.”

ಸೂಚನೆಗಳಂತೂ ಕಾಗದದ ಫೋಟೋಗಳು. ಅವುಗಳ ಮುಂದೆ ಆ ದನಿ ‘ಚಿತ್ರ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿತ್ತು. ಹೀಗಾಗಿ ಹೋದ ಸಲ ಅವಳ ಪರೀಕ್ಷಾ ಅರ್ಜಿಯನ್ನು ಚಿಕ್ಕಪ್ಪನ ಮಗ ತುಂಬಿದ್ದ. ಅವಸರದಲ್ಲಿ ಒಂದು ವಿಷಯ ತಪ್ಪಾಗಿ ಆರಿಸಿದ್ದ. ಅರ್ಧ ವರ್ಷ ಹೋಯಿತು. ಆ ವಿಷಯಕ್ಕೆ ಈಗ ಮತ್ತೆ ಅರ್ಜಿ ಕರೆದಿದ್ದರು, ಶನಿವಾರ ಸಂಜೆ ಕೊನೆ. ಈ ಸಲ ಯಾರ ಕೈಗೂ ಫೋನು ಕೊಡುವುದಿಲ್ಲ ಎಂದು ಅವಳು ಮನೆಯಲ್ಲಿ ಹೇಳಿಬಿಟ್ಟಿದ್ದಳು. ನನಗೂ ಹೇಳಿದಳು: “ತಪ್ಪಾದ್ರ ನನ್ನ ತಪ್ಪಾಗ್ಲಿ ಬಿಡ್ರಿ ಅಕ್ಕಾರ.” ಹೊಸ ವೆಬ್‌ಸೈಟ್ ಬರಲು ಇನ್ನೂ ತಿಂಗಳುಗಳಿದ್ದವು.

ಊಟಕ್ಕೆ ಮನೆಗೆ ಬರಲೇಬೇಕು ಎಂದಳು. ಮನೆ ಊರ ಹೊರಗೆ, ಉಪಕಾಲುವೆಯ ದಂಡೆಯ ಮೇಲೆ ಹೋಗಬೇಕು. ಎಡಕ್ಕೆ ಅಂಚು ತುಂಬಿ ಹರಿಯುವ ಕೆಂಪು ನೀರು, ಬಲಕ್ಕೆ ಕೆಸರು ಗದ್ದೆ, ನಡುವೆ ಒಬ್ಬರೇ ಹೋಗುವಷ್ಟು ದಾರಿ. ಅವಳಿಗೆ ದಿನದ ಹಾದಿ. ಕೋಲು ಆಡಿಸುತ್ತ ಬಿರುಸಾಗಿ ಮುಂದೆ ನಡೆದಳು. ನಾನು ಕೆಸರಿನಲ್ಲಿ ಚಪ್ಪಲಿ ಕಿತ್ತು ಕಿತ್ತು ಇಡುತ್ತ ಹಿಂದೆ ಬಿದ್ದೆ.

ಮುಂದೆ ನಡೆದದ್ದನ್ನು ಮನಸ್ಸಿನಲ್ಲಿ ಈಗಲೂ ದಿನಕ್ಕೆ ಎಷ್ಟೋ ಸಲ ನೋಡುತ್ತೇನೆ. ಅವಳು ಬೆಳಿಗ್ಗೆ ಊರೊಳಗೆ ಹೋದ ಮೇಲೆ ಯಾರೋ ಪೈಪು ಹಾಕಲು ಜೆಸಿಬಿ ತಂದು ದಂಡೆಯ ದಾರಿಗೆ ಅಡ್ಡಲಾಗಿ, ನೀರಿನ ಅಂಚಿನವರೆಗೆ ತಗ್ಗು ತೋಡಿದ್ದರು. ಒಂದು ಟೊಂಗೆಯನ್ನೂ ಅಡ್ಡ ಇಟ್ಟಿರಲಿಲ್ಲ. ಕಾಲುವೆಯ ಆಚೆ ನಾಟಿ ಮಾಡುತ್ತಿದ್ದ ಹೆಂಗಸರು ಮೊದಲು ನೋಡಿದರು. “ಏ ಮಲ್ಲೀ, ಮುಂದ ಹೋಗಬ್ಯಾಡ. ಇಲ್ಲಿ ಬಾ, ಇಲ್ಲಿ,” ಎಂದು ಕೈ ಬೀಸಿ ಕೂಗಿದರು. ಅವರ ಮನಸ್ಸಿನಲ್ಲಿ ಆ ಮಾತಿಗೆ ತಗ್ಗಿನಿಂದ ದೂರ ಎಂದಷ್ಟೇ ಅರ್ಥ. ಮಲ್ಲಮ್ಮನ ಕಿವಿಗೆ ಅದು ನೀರಿನ ಆಚೆಯಿಂದ ಬಂತು. ಅವಳು ನಿಂತಳು, ದನಿಯ ಕಡೆ ತಿರುಗಿದಳು, ಒಂದು ಹೆಜ್ಜೆ ಎತ್ತಿ ಇಟ್ಟಳು. ಅವಳ ಕಾಲಡಿಯಿಂದ ಒಂದು ಹೆಂಟೆ ಕಳಚಿ ಗುಳುಂ ಎಂದು ನೀರಿಗೆ ಬಿತ್ತು.

ನಾನೂ ಕೂಗಿದೆ. ನನ್ನ ಬಾಯಿಂದ ಬಂದದ್ದೂ ಅದೇ ಮಾತು: ಇಲ್ಲಿ.

ಅವಳ ಮುಖ ನನ್ನ ಕಡೆ ತಿರುಗಿತು, ಮತ್ತೆ ನೀರಿನ ಕಡೆ, ಮತ್ತೆ ನನ್ನ ಕಡೆ. ಆಚೆ ದಂಡೆಯವರು ಇನ್ನೂ ಜೋರಾಗಿ ಕೂಗುತ್ತಿದ್ದರು. ಒಂದು ಕಾಲು ಅಂಚಿನಲ್ಲಿ, ಇನ್ನೊಂದರ ಮುಂದೆಯೇ ತಗ್ಗು. ಆಗ ಅವಳು ನಾವು ಯಾರೂ ಹೇಳದ ಕೆಲಸ ಮಾಡಿದಳು. ಕೋಲನ್ನು ಎದೆಗೆ ಅವಚಿಕೊಂಡು, ಇದ್ದ ಜಾಗದಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು.

ಕೂಗು ನಿಂತಿತು.

“ಯಾರರ ಒಬ್ರು ಹೇಳ್ರಿ,” ಎಂದಳು. “ಎಲ್ಲಾರೂ ಇಲ್ಲಿ ಅಂದ್ರ ನಾ ಯಾವ ಇಲ್ಲಿಗೆ ಬರ್ಲಿ?”

ನಾನು ಹತ್ತಿರ ಹೋದೆ. “ನಿನ್ನ ಬೆನ್ನ ಹಿಂದ ಅದೀನಿ. ನೀರು ನಿನ್ನ ಎಡಕ್ಕ ಐತಿ. ಬಲಗೈ ಹಿಂದಕ ಚಾಚು,” ಎಂದೆ. ಅವಳ ಕೈ ನನ್ನ ಕೈಗೆ ಬಂತು. ತಣ್ಣಗಿತ್ತು, ಬೆರಳುಗಳಲ್ಲಿ ಮಣ್ಣು ಮೆತ್ತಿತ್ತು. ಇಬ್ಬರೂ ಹಾಗೇ ಹಿಂದಕ್ಕೆ ಜರುಗಿ, ಗಟ್ಟಿ ನೆಲ ಸಿಕ್ಕ ಮೇಲೂ ಬಹಳ ಹೊತ್ತು ಕೂತೇ ಇದ್ದೆವು. ಎದ್ದಾಗ ಅವಳು ಕೇಳಿಕೊಂಡದ್ದು ಒಂದೇ: “ಅವ್ವಗ ಹೇಳಬ್ಯಾಡ್ರಿ. ನಾಳಿಂದ ಒಬ್ಬಾಕಿನ್ನ ಬಿಡಂಗಿಲ್ಲಾಕಿ.”

ಗದ್ದೆಗಿಳಿದು ಸುತ್ತಿ ಮನೆ ಮುಟ್ಟುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲೇ ಮುಟ್ಟಿತ್ತು. ತಾಯಿ ಹುಲಿಗೆಮ್ಮ ಬಾಗಿಲಲ್ಲಿ ತಂಬಿಗೆ ಹಿಡಿದು ನಿಂತಿದ್ದರು. ಬೈಯಲಿಲ್ಲ. ಮಗಳನ್ನು ಕಟ್ಟೆಯ ಮೇಲೆ ಕೂರಿಸಿ ಕಾಲು ತೊಳೆದರು, ಬೆರಳ ಸಂದಿಯ ಕೆಸರನ್ನೂ ಬಿಡದೆ. ಆಮೇಲೆ ನನ್ನನ್ನು ಕೇಳಿದರು: “ತಾನ ಕುಂತಳಂತ?” ಹೌದು ಎಂದೆ.

“ಸಣ್ಣಾಕಿ ಇದ್ದಾಗಿಂದ ಹೇಳೇನ್ರಿ, ತಿಳೀಲಿಲ್ಲಂದ್ರ ಕುಂದ್ರು ಅಂತ. ಮರೆತಿಲ್ಲ ನೋಡ್ರಿ.” ಸೆರಗಿನಿಂದ ಮಗಳ ಪಾದ ಒರೆಸಿದರು.

ಅನ್ನ, ಸಾರು, ಕೆಂಪು ಖಾರ ಬಡಿಸಿದರು. ಗಂಗಾಳದ ಮೇಲೇ ಕಣ್ಣಿಟ್ಟು ಉಂಡೆ. ಬಿಸಿಲು ಇಳಿದ ಮೇಲೆ ತಾಯಿ ಮಗಳನ್ನು ಕರೆದುಕೊಂಡು ಮತ್ತೆ ಆ ತಗ್ಗಿನ ಹತ್ತಿರ ಹೊರಟರು. ಯಾಕೆಂದು ನನಗೆ ತಿಳಿಯಲಿಲ್ಲ. ಅಲ್ಲಿ ಹೋಗಿ ನೋಡಿದರೆ, ಮಗಳ ಕೋಲು ಹಿಡಿದು ಲೈಟಿನ ಕಂಬ ಮುಟ್ಟಿಸುತ್ತಿದ್ದರು. ಮನೆಯಿಂದ ಬರುವಾಗ ಕಂಬ ಸಿಕ್ಕಿತಂದರೆ ಎಡಕ್ಕೆ ತಿರುಗಬೇಕು, ಕಾಲಿಗೆ ಬದುವಿನ ಹುಲ್ಲು ಹತ್ತಬೇಕು, ಹುಲ್ಲು ಮುಗಿದ ಮೇಲೆ ಬಲಕ್ಕೆ. ಒಮ್ಮೆ ಕೈ ಹಿಡಿದು ನಡೆಸಿದರು. ಎರಡನೆಯ ಸಲ ಕೈ ಬಿಟ್ಟರು. ಮಗಳು ಒಬ್ಬಳೇ ಬಳಸಿಕೊಂಡು ಹೋಗಿ ಆಚೆಯಿಂದ ಕೂಗಿದಾಗ, ಹುಲಿಗೆಮ್ಮ ಅಲ್ಲೇ ದಂಡೆಯ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾಳೆ ಒಬ್ಬಳನ್ನೇ ಬಿಡುತ್ತಾರೆಯೇ ಎಂದು ನಾನು ಕೇಳಲಿಲ್ಲ. ಉತ್ತರ ಕಣ್ಣೆದುರಿಗೇ ನಡೆದುಹೋಗಿತ್ತು.

ಬಸ್ಸಿಗೆ ಕಾಯುತ್ತ ಹುಬ್ಬಳ್ಳಿಗೆ ಫೋನು ಮಾಡಿದೆ. ನಮ್ಮ ತಂಡದ ಪ್ರಕಾಶನ ಹತ್ತಿರ ಹಳೆಯ ವೆಬ್‌ಸೈಟಿನ ಬೀಗದ ಕೈ ಇತ್ತು. ಪರೀಕ್ಷಾ ಅರ್ಜಿಯ ಒಂದು ಪುಟದ ಮಾತುಗಳನ್ನಾದರೂ ಬದಲಿಸು ಎಂದೆ. ಹಳೆಯದನ್ನು ಮುಟ್ಟಬೇಕಾದರೆ ವಿಶ್ವವಿದ್ಯಾಲಯದವರ ಒಪ್ಪಿಗೆ ಬೇಕು, ಶನಿವಾರದೊಳಗೆ ಆಗದು ಎಂದ. ಕಾಲುವೆಯ ಕಥೆ ಹೇಳಿದೆ. ನಾಳೆ ತಾನೇ ಹೋಗಿ ಕೇಳುವುದಾಗಿ ಹೇಳಿದ.

ಶುಕ್ರವಾರ ತಾವರಗೇರಾ ಮೇಲಿಂದ ಕುಷ್ಟಗಿಗೆ ಹೋದೆ. ನೀರಾವರಿ ಹಿಂದೆ ಉಳಿದು ಸಜ್ಜೆ, ತೊಗರಿಯ ಒಣ ಸೀಮೆ ಬಂತು, ಗಾಳಿಯಲ್ಲಿ ಧೂಳಿತ್ತು. ಬಸ್‌ ನಿಲ್ದಾಣದಲ್ಲಿ ಯಾರೋ ಯಾರನ್ನೋ “ಇಲ್ಲಿ ಬರ್ರಿ” ಎಂದು ಕರೆದರು. ನನ್ನ ಕೈಯ ಚಹಾ ಸೀರೆಯ ಮೇಲೆ ಚೆಲ್ಲಿತು.

ವಿದ್ಯಾರ್ಥಿಗಳ ಅರ್ಜಿಗಳನ್ನೆಲ್ಲ ತುಂಬಿ ಕೊಡುವ ಝೆರಾಕ್ಸ್ ಅಂಗಡಿಯವರೊಬ್ಬರ ಪಕ್ಕದಲ್ಲಿ ಮಧ್ಯಾಹ್ನದವರೆಗೆ ಕೂತೆ. ಎಲ್ಲ ಸಲೀಸು ಮಾಡಿಬಿಟ್ಟರೆ ತಮ್ಮ ಅಂಗಡಿಗೆ ಯಾರು ಬರುತ್ತಾರೆಂದು ಅವರು ತಮಾಷೆಗೆ ರೇಗಿದರು. “ಸ್ವಲ್ಪ ತ್ರಾಸು ಇಡ್ರಿ ಮೇಡಂ, ನಮ್ಮದೂ ಹೊಟ್ಟಿ ಐತಿ,” ಎಂದು ಮಂಡಕ್ಕಿ ತರಿಸಿ, ಮಿರ್ಚಿಯ ದೊಡ್ಡ ತುಂಡನ್ನು ನನ್ನ ಕಡೆ ಸರಿಸಿದರು. ಹನುಮಸಾಗರಕ್ಕೂ ಹೋಗಿ, ಅಲ್ಲಿ ಇಬ್ಬರು ವಿದ್ಯಾರ್ಥಿಗಳನ್ನು ಕಂಡು ಬಂದೆ. ಟಿಪ್ಪಣಿ ಬರೆಯುತ್ತಿದ್ದರೂ ಕಿವಿಯಲ್ಲಿ ಹೆಂಟೆ ನೀರಿಗೆ ಬೀಳುತ್ತಲೇ ಇತ್ತು.

ಶನಿವಾರ ಯಲಬುರ್ಗಾದಲ್ಲಿ ಕೆಲಸ ಬೇಗ ಮುಗಿಯಿತು. ಪ್ರಕಾಶನ ಫೋನು ಮಧ್ಯಾಹ್ನ ಬಂತು: ಒಪ್ಪಿಗೆ ಸಿಕ್ಕಿದೆ, ಪರೀಕ್ಷೆಯ ಪುಟ ಬದಲಾಗಿದೆ. ಮಲ್ಲಮ್ಮನಿಗೆ ಅಷ್ಟನ್ನೇ ತಿಳಿಸಿದೆ. ಎಲ್ಲಿ ಏನಿದೆಯೆಂದು ಹೇಳಿಕೊಡಲು ಹೋದರೆ ತಡೆದಳು. ಕೊಪ್ಪಳದ ಬಸ್ಸಿನಲ್ಲಿ, ಹಳೆಯ ಗುಡಿಯಿರುವ ಇಟಗಿಗೆ ತಿರುಗುವ ದಾರಿ ಬಂದಾಗ ಪಕ್ಕದ ಅಜ್ಜಿ, ಗುಡಿ ನೋಡದೆ ಹೋಗುತ್ತೀಯೇನವ್ವ ಎಂದು ಕೇಳಿದರು. ಇನ್ನೊಮ್ಮೆ ಬರುತ್ತೇನೆ ಎಂದೆ. ಫೋನು ಕೈಯಲ್ಲೇ ಇತ್ತು. ಅದು ಸುಮ್ಮನಿತ್ತು.

ಹುಬ್ಬಳ್ಳಿಯ ರೈಲು ಕೊಪ್ಪಳ ಬಿಟ್ಟಿತು. ಕಿಟಕಿಯಲ್ಲಿ ಸೂರ್ಯ ಇಳಿಯುತ್ತಿದ್ದ. ಅರ್ಜಿಯ ಹೊತ್ತು ಮುಗಿಯುತ್ತ ಬಂದಿತ್ತು. ಅವಳು ಎಲ್ಲೋ ಕೂತುಬಿಟ್ಟಿರಬೇಕು ಎಂದುಕೊಳ್ಳುವಾಗ ಫೋನು ರಿಂಗಾಯಿತು.

“ಅಕ್ಕಾರ, ಮುಗೀತ್ರಿ. ವಿಷಯ ಮೂರು ಸಲ ಓದಿಸಿ ನೋಡೇನಿ, ಬರೋಬ್ಬರಿ ಐತಿ.” ಒಂದೇ ಉಸಿರಿಗೆ ಮಾತಾಡುತ್ತಿದ್ದಳು. “ಬೆಂಗಳೂರಾಕಿ ಏನಂದ್ಲು ಗೊತ್ತೇನ್ರಿ? ‘ಪರೀಕ್ಷಾ ಅರ್ಜಿ ತುಂಬಿ, ಲಿಂಕ್’ ಅಂದ್ಲು. ಅವ್ವನ್ನ ಕರದು ಇನ್ನೊಮ್ಮೆ ಕೇಳಿಸಿದೆ.” ಹಿಂದೆ ಹುಲಿಗೆಮ್ಮ ಏನೋ ಅನ್ನುತ್ತಿದ್ದುದು ಕೇಳಿಸಿತು. “ಅವ್ವ ಕೇಳಾಕತ್ಯಾಳ, ಈಗ ಎಲ್ಲದೀರಿ?”

ಇಲ್ಲೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿದೆ.

“ರೈಲಿನ್ಯಾಗ ಅದೀನಿ ಮಲ್ಲಮ್ಮ. ಕೊಪ್ಪಳ ಬಿಟ್ಟು ಭಾಳ ಹೊತ್ತಾಗಿಲ್ಲ. ಎಡಗಡಿ ಕಿಡಕಿ ಹಂತ್ಯಾಕ ಕುಂತೀನಿ. ಹೊರಗ ಸಜ್ಜಿ ಹೊಲ. ಹೊತ್ತು ನನ್ನ ಮಾರಿ ಮುಂದ ಮುಳಗಾಕತ್ತೈತಿ. ನಿಮ್ಮ ಊರು ನನ್ನ ಬೆನ್ನ ಹಿಂದ ಐತಿ.”



“ಹಾಂ,” ಎಂದಳು ಮಲ್ಲಮ್ಮ. “ಈಗ ಕಂಡ್ರಿ ನೋಡ್ರಿ.”