ಕೊನೆಯ ಬೆಂಚಿಗೆ ಕಾಣುವ ಮಾತು

ಆ ಶುಕ್ರವಾರವೂ ನನ್ನ ದಿನ ಎಂದಿನಂತೆ ತೆಂಗಿನಕಾಯಿ ಒಡೆಯುವುದರಿಂದಲೇ ಶುರುವಾಯಿತು. ಹಿಂಬಾಗಿಲಿನ ಕಲ್ಲಿಗೆ ಕಾಯಿ ಬಡಿದ ಸದ್ದು ಕೇಳಿದರೆ ಸಾಕು, ಪಕ್ಕದ ಮನೆಯ ಬೆಕ್ಕು ಕಂಪೌಂಡು ಹಾರಿ ಬಂದು ನನ್ನ ಕಾಲ ಬಳಿ ಕೂರುತ್ತದೆ. ಒಳಕೋಣೆಯಲ್ಲಿ ಮಲಗಿರುವ ಅಮ್ಮ ಮಾತ್ರ ಮಗ್ಗುಲು ಬದಲಿಸುವುದಿಲ್ಲ. ಅವರನ್ನು ಎಬ್ಬಿಸಬೇಕಾದರೆ ಕಿಟಕಿಯ ಪರದೆ ಸರಿಸಬೇಕು. ಬೆಳಕು ಬಿದ್ದ ಕೂಡಲೇ ಕಣ್ಣು ಬಿಟ್ಟು ಮೊದಲು ನನ್ನ ಮುಖವನ್ನು ನೋಡುತ್ತಾರೆ. "ಚಹಾ ಆಗಿದೆ" ಎಂದರೆ ತಲೆಯಾಡಿಸುತ್ತಾರೆ.

ಹೂವಿನಾಕೆ ಬಂದಳು. ಶಂಕರಪುರದ ಮಲ್ಲಿಗೆ, ಬಾಳೆಲೆಯಲ್ಲಿ ಸುತ್ತಿದ್ದು, ಇಬ್ಬನಿಯೋ ನೀರು ಚಿಮುಕಿಸಿದ್ದೋ ತಿಳಿಯದ ಹಾಗೆ ಒದ್ದೆ. ಅಮ್ಮ ಆ ಹೂವಿನ ಚೆಂಡಿನಲ್ಲಿ ಅರ್ಧ ದೇವರಿಗಿಟ್ಟರು, ಉಳಿದರ್ಧವನ್ನು ತಮ್ಮ ಸಣ್ಣ ತುರುಬಿಗೆ ಮುಡಿದರು. ಪ್ರತಿ ಶುಕ್ರವಾರದಂತೆ ಅಂಬಲಪಾಡಿ ದೇವಸ್ಥಾನಕ್ಕೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅಮ್ಮ ಮಾತಾಡಿದರು, ತಂಗಿಯ ಬಗ್ಗೆ ಮಾತ್ರ ಒಂದು ಮಾತೂ ಇಲ್ಲ. ಹಿಂದಿನ ಶುಕ್ರವಾರವೇ ಅವರು ಹೇಳಿಯಾಗಿತ್ತು: "ಇನ್ನೊಂದು ಸಲ ನೋಡ್ತೇನೆ. ಆಗದಿದ್ದರೆ ನನ್ನನ್ನು ಮತ್ತೆ ಆ ಮೊಬೈಲಿನ ಎದುರು ಕೂರಿಸಬೇಡ."

ಆ ಇನ್ನೊಂದು ಸಲ ಅಂದೇ ಆಗಿತ್ತು.

ನನ್ನ ತಂಗಿ ಗಲ್ಫಿನಲ್ಲಿದ್ದಾಳೆ. ಅಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಕೆಲಸ. ಶುಕ್ರವಾರ ಅವಳಿಗೆ ರಜೆ, ಆದ್ದರಿಂದ ಅವಳ ಫೋನ್ ಬರುವುದೂ ಶುಕ್ರವಾರವೇ. ಮೊದಲೆಲ್ಲ ಅಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು. ಆಮೇಲೆ ಎರಡು ಮಾತಾಡಿ "ಇಕೋ, ಅಕ್ಕನ ಹತ್ರ ಮಾತಾಡು" ಎಂದು ನನ್ನ ಕೈಗೆ ಕೊಡತೊಡಗಿದರು. ಕೊನೆಕೊನೆಗೆ ಫೋನ್ ಬರುವ ಹೊತ್ತಿಗೆ ಅಂಗಳದಲ್ಲಿ ಏನಾದರೂ ಕೆಲಸ ಹುಡುಕಿಕೊಂಡರು. ತಂಗಿ ಅದನ್ನು ಕೋಪ ಎಂದುಕೊಂಡಳು. ಅವಳು ಹೊರಟಾಗ ಅಮ್ಮ ಬೇಡವೆಂದಿದ್ದು ನಿಜ. "ಅಮ್ಮ ನನ್ನನ್ನು ಬಿಟ್ಟೇ ಬಿಟ್ರು ಅಕ್ಕ" ಎಂದು ಒಂದು ದಿನ ಅತ್ತೇಬಿಟ್ಟಳು. ಹಾಗೇನೂ ಇಲ್ಲ ಎಂದು ಸಮಾಧಾನ ಹೇಳಿದೆ, ಆದರೆ ನನಗೂ ಒಳಗೆ ಅನುಮಾನವಿತ್ತು. ಮನೆಯಲ್ಲಿ ಅಮ್ಮ ಎಲ್ಲರ ಜೊತೆ ಚೆನ್ನಾಗಿ ಮಾತಾಡುತ್ತಾರಲ್ಲ! ಹೂವಿನಾಕೆಯ ಜೊತೆ ಚೌಕಾಸಿ, ಪಕ್ಕದ ಮನೆಯಾಕೆಯ ಜೊತೆ ತಮಾಷೆ. ಕಿವಿ ಸ್ವಲ್ಪ ಮಂದ ಎಂದಷ್ಟೇ ನಮಗೆ ಗೊತ್ತಿದ್ದದ್ದು.

ಗುಟ್ಟು ತಿಳಿದದ್ದು ಮಣಿಪಾಲದಲ್ಲಿ. ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಪರೀಕ್ಷೆ ಮಾಡುವ ಹುಡುಗಿ ಅಮ್ಮನ ಎದುರು ಕೂತು "ನಿಮ್ಮ ಊರು ಯಾವುದು?" ಎಂದು ಕೇಳಿದಳು. "ಕಾಪು" ಎಂದರು ಅಮ್ಮ ತಟ್ಟನೆ. ಹುಡುಗಿ ಒಂದು ಕಾಗದ ತೆಗೆದು ತನ್ನ ಬಾಯಿಗೆ ಅಡ್ಡ ಹಿಡಿದು, ಅದೇ ಧ್ವನಿಯಲ್ಲಿ ಅದೇ ಪ್ರಶ್ನೆ ಕೇಳಿದಳು. ಅಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ, ದಾರಿ ತಪ್ಪಿದ ಮಗುವಿನ ಮುಖದಲ್ಲಿರುವಂಥ ಏನೋ ಇತ್ತು.

"ಇವರು ಕೇಳುವುದಲ್ಲ, ನೋಡುವುದು" ಎಂದಳು ಹುಡುಗಿ ಮೆಲ್ಲಗೆ. "ತುಟಿ ನೋಡಿ ತಿಳ್ಕೊಳ್ತಾರೆ. ಯಂತ್ರ ಕೊಡ್ತೇವೆ, ಆದ್ರೆ ಫೋನಿನ ಮಾತಿಗೆ ಅದು ಸಾಕಾಗ್ಲಿಕ್ಕಿಲ್ಲ."

ಹಿಂದಿರುಗುವಾಗ ಬಸ್ಸಿನಲ್ಲಿ ಅಮ್ಮನ ಕಡೆ ಮುಖ ತಿರುಗಿಸಿ ಕೇಳಿದೆ: "ಯಾವಾಗಿನಿಂದ ಹೀಗೆ? ಹೇಳಬಾರದಿತ್ತಾ?"

"ಎಂತ ಹೇಳುವುದು? ಕಡಲಿನ ಬದಿಯಲ್ಲಿ ಹುಟ್ಟಿದವರಿಗೆ ಇದೆಲ್ಲ ಹೊಸದಾ? ಆ ಗಾಳಿಯಲ್ಲಿ ಯಾರಿಗೆ ಎಂತ ಕೇಳ್ತದೆ? ನಾವೆಲ್ಲ ಬಾಯಿ ನೋಡಿಯೇ ಮಾತಾಡಿದ್ದು." ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟರು. ಹಾಗೆ ತಿರುಗಿದರೆ ಮಾತು ಮುಗಿಯಿತು ಎಂದರ್ಥ. ಆಮೇಲೆ ಅವರಿಗೆ ಏನು ಹೇಳಿದರೂ ತಲುಪುವುದಿಲ್ಲ ಎಂಬುದು ನನಗೆ ಆವತ್ತೇ ಹೊಳೆದದ್ದು.

ಸರಿ, ಮುಖ ಕಾಣುವ ಕರೆ ಬೇಕು. ಇದರಲ್ಲೇನು ದೊಡ್ಡ ಸಂಗತಿ ಎಂದು ನಿಮಗೆ ಅನ್ನಿಸಬಹುದು. ನಮ್ಮ ಮನೆಯವರಿಗೂ ಹಾಗೇ ಅನ್ನಿಸಿತು. "ಎಲ್ಲರ ಮೊಬೈಲಿನಲ್ಲಿ ಇರುವುದೇ ಉಂಟಲ್ಲ" ಎಂದರು. ಆದರೆ ತಂಗಿ ಇರುವ ಊರಿನಲ್ಲಿ ಆ ಆ್ಯಪ್‌ನಲ್ಲಿ ಮೆಸೇಜ್ ಹೋಗುತ್ತದೆ, ಫೋಟೋ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಅಲ್ಲಿಯ ಕಾನೂನು ಒಪ್ಪಿದ ಆ್ಯಪ್‌ಗಳೇ ಬೇರೆ. ತಂಗಿ ತಾನು ಮಾತಾಡಿದ ವಿಡಿಯೋ ಮಾಡಿ ಕಳಿಸಿದಳು. ಅಮ್ಮ ಅದನ್ನು ಅರ್ಥ ಮಾಡಿಕೊಂಡರು, ಖುಷಿಯಿಂದ ಉತ್ತರವನ್ನೂ ಕೊಟ್ಟರು. ಕೊಟ್ಟು ಕಾದರು. ಪರದೆಯ ಮೇಲಿನ ತಂಗಿ ಅದಕ್ಕೇನೂ ಹೇಳದೆ ತನ್ನ ಪಾಡಿಗೆ ತಾನು ಮಾತು ಮುಗಿಸಿ ನಿಂತುಬಿಟ್ಟಳು. "ನೋಡು, ನಾನು ಹೇಳಿದ್ದಕ್ಕೆ ಅವಳಿಗೆ ಬೆಲೆಯೇ ಇಲ್ಲ" ಎಂದು ಅಮ್ಮ ಎದ್ದು ಹೋದರು.

ಹೀಗೆ ನಾನು ಆ್ಯಪ್ ಹುಡುಕಲು ಹೊರಟೆ. ಇಂಥ ವಿಷಯದಲ್ಲಿ ನಮ್ಮ ಕೇರಿಗೆ ಪಂಡಿತೆ ಎಂದರೆ ಪಕ್ಕದ ಮನೆಯಾಕೆ. ಮನೆಮಾತು ಬ್ಯಾರಿ. ಮದುವೆಯಾದಾಗಿನಿಂದ ಗಂಡ ಗಲ್ಫಿನಲ್ಲಿ. ಅವಳ ಸಂಸಾರದ ಅರ್ಧ ಭಾಗ ಮೊಬೈಲಿನಲ್ಲೇ ನಡೆದಿದೆ. "ಇದು ಹಾಕಿ ಅಕ್ಕ, ನಮ್ಮವರು ಪಕ್ಕದಲ್ಲಿ ಕೂತು ಗೊರಕೆ ಹೊಡೆದ ಹಾಗೇ ಕೇಳ್ತದೆ" ಎಂದು ಒಂದು ನೀಲಿ ಆ್ಯಪ್ ಹಾಕಿಕೊಟ್ಟಳು. ಧ್ವನಿ ನಿಜಕ್ಕೂ ಗಂಟೆಯ ಹಾಗಿತ್ತು. ಆದರೆ ಧ್ವನಿ ಯಾರಿಗೆ ಬೇಕಿತ್ತು? ಚಿತ್ರ ನಿಂತು ನಿಂತು ಹಾರುತ್ತಿತ್ತು. ತಂಗಿಯ ಬಾಯಿ ಒಮ್ಮೆ ತೆರೆದಿದ್ದರೆ ಮರುಕ್ಷಣ ಮುಚ್ಚಿದೆ, ನಡುವಿನದೆಲ್ಲ ಮಾಯ. "ಇವಳು ಮಾತು ನುಂಗ್ತಾಳೆ" ಎಂದರು ಅಮ್ಮ.

ಕಾರ್ಕಳದಲ್ಲಿರುವ ತಂಗಿಯ ಗಂಡನ ಮನೆಯವರು ಇನ್ನೊಂದನ್ನು ಹೇಳಿದರು. ಅದರಲ್ಲಿ ಚಿತ್ರ ಎಲ್ಲೂ ಕಡಿಯಲಿಲ್ಲ. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮರ್ಯಾದೆಯಿಂದ "ಇವರು ಯಾರು?" ಎಂದು ನನ್ನನ್ನು ಕೇಳಿದರು. ಆ ಆ್ಯಪ್ ತಾನಾಗಿಯೇ ಎಲ್ಲರ ಮುಖಕ್ಕೂ ಪೌಡರ್ ಬಳಿದು, ತುಟಿಗೆ ಗುಲಾಬಿ ಬಣ್ಣ ಹಚ್ಚಿ, ಕೆನ್ನೆಯ ಗೆರೆಗಳನ್ನೆಲ್ಲ ಒರೆಸಿಬಿಡುತ್ತಿತ್ತು. ನಲವತ್ತು ದಾಟಿದ ನನ್ನ ತಂಗಿ ಸೀರೆಯಂಗಡಿಯ ಗೊಂಬೆಯಾಗಿದ್ದಳು. ಆ ಬಣ್ಣವನ್ನೆಲ್ಲ ತೆಗೆಯುವುದು ಹೇಗೆಂದು ನಾವಿಬ್ಬರೂ ತಡಕಾಡುವಷ್ಟರಲ್ಲಿ ಅಮ್ಮ ಆ ಮಾತು ಹೇಳಿದ್ದು: ಇನ್ನೊಂದು ಸಲ, ಅಷ್ಟೇ.

ಆ ವಾರವಿಡೀ ನನಗೆ ಬೇರೆ ಧ್ಯಾನವಿರಲಿಲ್ಲ. ಪಲ್ಯಕ್ಕೆ ಹೆಚ್ಚುವಾಗಲೂ ಅದೇ. ಎಲ್ಲರೂ ಆ್ಯಪ್ ಆರಿಸುವುದು ಕಿವಿಯಿಂದ. ನಾನು ಆರಿಸಬೇಕಾದದ್ದು ಕಣ್ಣಿನಿಂದ, ಹಾಗಿದ್ದ ಮೇಲೆ ಪರೀಕ್ಷೆಯೂ ಬೇರೆಯೇ ಆಗಬೇಕಲ್ಲ! ಮರುದಿನದಿಂದ ಅಮ್ಮ ಮಧ್ಯಾಹ್ನ ಮಲಗಿದ ಮೇಲೆ ಹೊಸ ಹೊಸ ಆ್ಯಪ್ ಹಾಕಿ, ತಂಗಿಗೆ ಅವಳ ಊಟದ ಬಿಡುವಿನಲ್ಲಿ ಕರೆ ಮಾಡಿದೆ. ಮಾಡಿದವಳು ಮೊಬೈಲಿನ ಸದ್ದನ್ನು ಪೂರ್ತಿ ಮುಚ್ಚಿಬಿಟ್ಟೆ. "ತರಕಾರಿ ಹೆಸರು ಹೇಳು, ನಾನು ಬಾಯಿ ನೋಡಿ ಹೇಳ್ತೇನೆ."

ಅವಳೇನೋ ಹೇಳಿದಳು. ಬದನೆ ಎಂದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹೇಳಿದ್ದು ಬೆಂಡೆಯಂತೆ, ಬರೆದು ತೋರಿಸಿದಳು. ಕೆಲವು ಆ್ಯಪ್‌ಗಳಲ್ಲಿ ನಾನು ಬಸಳೆಯನ್ನೂ ಹಾಗಲವನ್ನೂ ಒಂದು ಮಾಡಿದೆ. ತುಟಿ ನೋಡಿ ಮಾತು ಹಿಡಿಯುವುದು ಎಷ್ಟು ಕಷ್ಟದ ಕೆಲಸವೆಂದು ಆಗಲೇ ನನಗೆ ತಿಳಿದದ್ದು. ಇದನ್ನು ಅಮ್ಮ ದಿನವಿಡೀ ಮಾಡುತ್ತಾರೆ, ದಣಿವು ಎನ್ನದೆ.

ಕೊನೆಗೆ ಸಿಕ್ಕಿದ್ದು ಆಫೀಸಿನವರು ಮೀಟಿಂಗಿಗೆ ಬಳಸುವ ಒಂದು ಸಾದಾ ಆ್ಯಪ್. ಹೂವಿಲ್ಲ, ಪೌಡರ್ ಇಲ್ಲ, ನಡುವೆ ಚಿನ್ನದ ಸಾಲದ ಜಾಹೀರಾತಿಲ್ಲ. ತಂಗಿಯ ಕ್ಲಿನಿಕ್ಕಿನಲ್ಲೂ ಅದನ್ನೇ ಬಳಸುತ್ತಾರಂತೆ. ಅದರ ಒಳಗೆ ಹುಡುಕಿದರೆ ಚಿತ್ರದ ಗುಣಮಟ್ಟ ಇಳಿಸುವ ಒಂದು ಗುಂಡಿ ಇತ್ತು. ಒಳ್ಳೆಯದನ್ನು ಬಿಟ್ಟು ಕಡಿಮೆಯದನ್ನು ಯಾರಾದರೂ ಆರಿಸುತ್ತಾರಾ? ನಾನು ಆರಿಸಿದೆ. ಚಿತ್ರ ಒಂದಿಷ್ಟು ಮಸುಕಾಯಿತು, ನಿಜ. ಆದರೆ ಹಾರುವುದನ್ನು ನಿಲ್ಲಿಸಿತು. ಬಾಯಿ ತೆರೆಯುವುದು, ಮುಚ್ಚುವುದು, ನಡುವೆ ನಾಲಿಗೆ ಹಲ್ಲಿಗೆ ತಾಗುವುದು, ಎಲ್ಲ ನೀರು ಹರಿದ ಹಾಗೆ. "ಬೆಂಡೆ!" ಎಂದು ನಾನು ಕಿರುಚಿದೆ. ತಂಗಿ ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದಳು. ಅದೂ ನನಗೆ ಕೇಳಲಿಲ್ಲ, ಕಂಡಿತು.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಊಟವಾಗಿತ್ತು. ಅಮ್ಮನನ್ನು ಅಡುಗೆಮನೆಯ ಮೇಜಿನೆದುರು ಕೂರಿಸಿ, ಮೊಬೈಲನ್ನು ಅಕ್ಕಿಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ. ತಂಗಿ ಬಂದಳು. ಆದರೆ ಹಿಂದೆ ಕಿಟಕಿ ಇಟ್ಟುಕೊಂಡು ಕೂತಿದ್ದಾಳೆ, ಮುಖ ಇದ್ದಲಿನ ಹಾಗೆ ಕಪ್ಪು! "ತಿರುಗಿ ಕೂತ್ಕೋ ಮಾರಾಯ್ತಿ, ಬೆಳಕಿಗೆ ಮುಖ ಮಾಡು!" ತಿರುಗಿದಳು. ಮುಖ ಕಂಡಿತು. ಅಮ್ಮ ಮುಂದಕ್ಕೆ ಬಾಗಿದರು. ತಂಗಿ ಮಾತು ಶುರು ಮಾಡಿದಳು, ಆದರೆ ಹೆದರಿಕೆಗೋ ಏನೋ ತುಟಿ ಬಿಡದೆ ಗೊಣಗುತ್ತಿದ್ದಳು, ಕೈ ಬೇರೆ ಬಾಯಿಯ ಹತ್ತಿರ. ನನ್ನ ಕಿವಿಗೆ ಎಲ್ಲ ಸ್ಪಷ್ಟ. ಅಮ್ಮನ ಮುಖದಲ್ಲಿ ಮಣಿಪಾಲದಲ್ಲಿ ಕಂಡ ಅದೇ ನೋಟ ಮೂಡತೊಡಗಿತು. ಕೈ ಮೇಜಿನ ಅಂಚಿಗೆ ಹೋಯಿತು. ಏಳುತ್ತಾರೆ, ಇನ್ನು ಎದ್ದರೆ ಮುಗಿಯಿತು.

ಆಗ ನನ್ನ ಬಾಯಿಂದ ಬಂದದ್ದು ನಾನು ಯೋಚಿಸಿದ ಮಾತಲ್ಲ. "ಎಲೊಕ್ಯೂಷನ್!" ಎಂದು ಕೂಗಿದೆ. "ಸಿಸ್ಟರ್ ಎದುರಿಗೆ ನಿಂತಿದ್ದಾರೆ ಅಂತ ನೆನಸು. ಕೊನೆಯ ಬೆಂಚು!"

ನಾವಿಬ್ಬರೂ ಓದಿದ್ದು ಒಂದೇ ಕಾನ್ವೆಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಪದ್ಯ ಒಪ್ಪಿಸುವ ಸ್ಪರ್ಧೆಗೆ ನಮ್ಮನ್ನು ತಯಾರು ಮಾಡುತ್ತಿದ್ದ ಸಿಸ್ಟರ್ ತರಗತಿಯ ಕೊನೆಯ ಬೆಂಚಿನ ಹಿಂದೆ ಹೋಗಿ ನಿಲ್ಲುತ್ತಿದ್ದರು. ಕೈ ಹಿಂದೆ, ಗಲ್ಲ ಮೇಲೆ. ನಿಮ್ಮ ಮಾತು ಇಲ್ಲಿಗೆ ಕೇಳಿಸಿದರೆ ಸಾಲದು, ಕಾಣಿಸಬೇಕು ಎನ್ನುತ್ತಿದ್ದರು. ಒಂದೊಂದು ಅಕ್ಷರಕ್ಕೂ ಬಾಯಿ ಪೂರ್ತಿ ತೆರೆಯಬೇಕು. ಆಗ ನಾವು ಅವರ ಬೆನ್ನ ಹಿಂದೆ ನಕ್ಕದ್ದೆಷ್ಟೋ.

ತಂಗಿ ಕುರ್ಚಿಯಿಂದ ಎದ್ದಳು. ಎರಡೂ ಕೈ ಬೆನ್ನ ಹಿಂದೆ ಹೋದವು. ಭುಜ ನೆಟ್ಟಗಾಯಿತು, ಗಲ್ಲ ಮೇಲೆ ಬಂತು. ಬಹುಮಾನಕ್ಕೆ ನಿಂತ ಹುಡುಗಿಯ ಹಾಗೆ ತುಟಿಗಳನ್ನು ಒತ್ತಿ, ಬಿಡಿಸಿ, ತುಳುವಿನಲ್ಲಿ ಹೇಳಿದಳು: "ಅಮ್ಮಾ. ವಣಸ್ ಆಂಡಾ?"

ಊಟ ಆಯಿತಾ ಎಂದು.

"ಆಯಿತು" ಎಂದರು ಅಮ್ಮ. ಒಂದು ಕ್ಷಣವೂ ತಡವಾಗಲಿಲ್ಲ. "ನೀನು ಎಂತಕ್ಕೆ ಶಾಲೆ ಮಗುವಿನ ಹಾಗೆ ನಿಂತದ್ದು? ಕೂತ್ಕೋ. ಎಷ್ಟು ಬಡಕಲಾಗಿದ್ದೀ!"

ತಂಗಿ ಕೂರಲಿಲ್ಲ. ಅವಳ ಕಣ್ಣು ತುಂಬಿತ್ತು, ಆದರೆ ಬಾಯಿ ಮಾತ್ರ ಸಿಸ್ಟರ್ ಕಲಿಸಿದ ಶಿಸ್ತು ಬಿಡಲಿಲ್ಲ. "ಅಮ್ಮನಿಗೆ ನನ್ನ ಮೇಲೆ ಕೋಪವಾ?"

"ಎಂತದ್ದು ಕೋಪ? ನಿನ್ನ ಬಾಯಿ ಕಾಣದೆ ನಾನು ಎಂತ ಉತ್ತರ ಕೊಡುವುದು? ಏನಾದರೂ ಹೇಳಿ ನಗೆಪಾಟಲಾಗ್ಬೇಕಾ?"

ನಾನು ಒಲೆಯ ಕಡೆ ತಿರುಗಿ, ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದೆ. ಸೋತು ಸೋತು ಕೊನೆಗೆ ಗೆದ್ದವರಿಗೆ ಕೈಗೆ ಏನಾದರೂ ಕೆಲಸ ಬೇಕಾಗುತ್ತದೆ.

ಆಮೇಲೆ ಅವರಿಬ್ಬರಿಗೂ ನನ್ನ ನೆನಪೇ ಇರಲಿಲ್ಲ. ಬಾಕಿ ಉಳಿದಿದ್ದ ಮಾತೆಲ್ಲ ಒಟ್ಟಿಗೆ ಬಂತು. ಕೂದಲಿಗೆ ಬಣ್ಣ ಯಾಕೆ ಹಾಕಿದ್ದೀ, ಕಾರ್ಕಳದ ಅತ್ತೆಗೆ ಫೋನ್ ಮಾಡ್ತೀಯಾ ಇಲ್ಲವಾ, ಬರುವ ರಜೆ ಯಾವಾಗ. ಅಲ್ಲಿ ಸಿಗುವ ಸೌತೆಕಾಯಿಯಲ್ಲಿ ಎಷ್ಟು ಸಲ ಹುಳಿ ಮಾಡಿದರೂ ಅಮ್ಮನ ಕೈರುಚಿ ಬರುವುದಿಲ್ಲ ಎಂದಳು ತಂಗಿ. ಅಮ್ಮ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ತಮಗೆ ಕೇಳದಿರುವುದು ಲೋಕಕ್ಕೇ ಕೇಳುವುದಿಲ್ಲ ಎಂದು ತಿಳಿದವರು ಅವರು. ಗಂಟಲು ಬಿಟ್ಟು ಪಾಠ ಶುರುಮಾಡಿದರು: "ಬೆಳ್ಳುಳ್ಳಿ ಜಜ್ಜು, ಸಿಪ್ಪೆ ತೆಗೀಬೇಡ! ಎಣ್ಣೆಯಲ್ಲಿ ಕೆಂಪಾಗ್ಲಿ! ಒಗ್ಗರಣೆ ಹಾಕಿದ ಕೂಡಲೇ ಮುಚ್ಚಳ ಮುಚ್ಚು, ಕೂಡಲೇ! ಹೊಗೆ ಹೊರಗೆ ಹೋಗ್ಬಾರ್ದು!" ಬೆಕ್ಕು ಹೆದರಿ ಕಂಪೌಂಡು ಹಾರಿ ತನ್ನ ಮನೆಗೆ ಓಡಿತು.

ಕರೆ ಮುಗಿದ ಮೇಲೆ ಅಮ್ಮ ಮೊಬೈಲನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು. "ಇದನ್ನು ಇರಿಸು, ತೆಗೀಬೇಡ" ಎಂದರು, ಆ್ಯಪ್ ಅನ್ನು ತೋರಿಸಿ. "ಬರುವ ಶುಕ್ರವಾರ ಅವಳು ಒಲೆ ಎದುರಿಗೇ ಕೂತ್ಕೊಳ್ಲಿ. ನೋಡಿಯೇ ಹೇಳ್ತೇನೆ."

ಸಂಜೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಕಂಪೌಂಡಿನ ಆಚೆ ಪಕ್ಕದ ಮನೆಯಾಕೆಯೂ ಬಟ್ಟೆ ತೆಗೆಯುತ್ತಿದ್ದಳು. ಯಾವ ಆ್ಯಪ್, ಹೇಗೆ ಮಾತಾಡಿದಿರಿ, ಒಂದನ್ನೂ ಕೇಳಲಿಲ್ಲ. ಹಲ್ಲಿನಲ್ಲಿ ಕ್ಲಿಪ್ ಕಚ್ಚಿಕೊಂಡೇ, ನನ್ನ ಕಡೆ ನೋಡದೆ, ಹೇಳಿದಳು: "ಅಮ್ಮ ಹೇಳಿದ ಹಾಗೆ ಒಗ್ಗರಣೆ ಹಾಕಿ ಕೂಡಲೇ ಮುಚ್ಚಿದೆ ಅಕ್ಕ. ಪರಿಮಳ ಬೇರೆಯೇ ಉಂಟು."