ನಾಲ್ಕನೆಯವರು

ನಾನು ಭೌತಶಾಸ್ತ್ರ ಕಲಿಸುವವನು. ಬೈಲಹೊಂಗಲದ ಸುತ್ತಮುತ್ತ ಎಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣವಿದ್ದರೂ ನನ್ನನ್ನೇ ಕರೆಯುತ್ತಾರೆ. ಅಂಥವನು ಒಂದು ಕಲ್ಲಿಗಾಗಿ ಬಸ್ಸಿನಲ್ಲಿ ಸೀಟು ಹಿಡಿದೆನೆಂದು ಯಾವ ಬಾಯಿಂದ ಹೇಳಲಿ?

ಮಗನಿಗೆ ಕನ್ಯೆ ನೋಡಲು ರಾಮದುರ್ಗದ ಕಡೆಯ ಸಾಲಹಳ್ಳಿಗೆ ಹೊರಟಿದ್ದೆವು: ನಾನು, ನನ್ನಾಕೆ, ಮಗ. ಐದು ಮನೆಗಳಲ್ಲಿ ಒಲ್ಲೆ ಅನ್ನಿಸಿಕೊಂಡ ಹುಡುಗ. ಇದೂ ತಪ್ಪಿದರೆ ಇನ್ನು ಬರುವುದೇ ಇಲ್ಲವೆಂದು ಹಟ ಹಿಡಿದಿದ್ದ. ನನಗೂ ಒಳಗೊಳಗೇ ದಿಗಿಲು. ಹೊಸ್ತಿಲು ದಾಟುವಾಗ ನನ್ನಾಕೆ ಗಕ್ಕನೆ ನಿಂತಳು.

"ಅಯ್ಯ, ಮೂರ ಮಂದಿ ಆದ್ವಲ್ರಿ! ಮೂರ ಮಂದಿ ಹ್ವಾದ್ರ ಕೆಲಸ ಆಗಂಗಿಲ್ಲ."

ಅಂಗಳದಿಂದ ತೆಂಗಿನಕಾಯಿಯಷ್ಟು ದಪ್ಪನೆಯ ಕಲ್ಲೊಂದನ್ನು ತಂದು, ತೊಳೆದು, ಕೈಚೀಲಕ್ಕೆ ಹಾಕಿದಳು. ಇನ್ನೊಬ್ಬರು ಸಿಗದಿದ್ದರೆ ಕಲ್ಲೇ ನಾಲ್ಕನೆಯವರು. ನಮ್ಮ ಕಡೆ ಇದು ಹಳೆಯ ಉಪಾಯ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲುಗದೆ ನಿಲ್ಲುತ್ತದೆ ಎಂದು ನಾನು ಶುರು ಮಾಡುವಷ್ಟರಲ್ಲಿ, "ಸ್ಟೂಲಿಗೇನ ಲಗ್ನ ಮಾಡಬೇಕಾಗೈತೇನ್ರಿ?" ಎಂದಳು. ಬಸ್ಸಿನಿಂದಲೇ ಬೀಗರಾಗುವವರಿಗೆ ಫೋನು: "ನಾಕ ಮಂದಿ ಬರಾಕತ್ತೇವ್ರಿ."

ಅಲ್ಲಿ ನಾಲ್ಕು ಕುರ್ಚಿ, ನಾಲ್ಕು ಪ್ಲೇಟು ಉಪ್ಪಿಟ್ಟು. "ಇನ್ನೊಬ್ಬರೆಲ್ಲದಾರ್ರಿ?" ಎಂದು ಹುಡುಗಿಯ ತಂದೆ ಬಾಗಿಲ ಕಡೆ ನೋಡಿದರು. ಈಕೆ ಚೀಲದಿಂದ ಕಲ್ಲು ತೆಗೆದು ಕುರ್ಚಿಯ ಮೇಲೆ ಕೂರಿಸಿದಳು. ಭೂಮಿ ಬಾಯಿಬಿಡಬಾರದೇ ಅಂದುಕೊಂಡೆ. ಅವರೋ, "ಚಲೋ ಮಾಡಿದ್ರಿ" ಎಂದು ಒಂದು ಪ್ಲೇಟನ್ನು ಅದರ ಮುಂದೆ ಸರಿಸಿದರು.

ಹುಡುಗಿ ಬಂದು ಕೂತಳು. ಅಡುಗೆ ಬರುತ್ತದೆಯೇ ಎಂದು ನನ್ನಾಕೆ ಕೇಳಿದಳು. ನಾನು, ಚಟ ನೋಡಿ, ಎಸ್ಸೆಸ್ಸೆಲ್ಸಿ ಗಣಿತದ ಅಂಕ ಕೇಳಿದೆ. ಮಗ ಬೆವರುತ್ತ, "ನಿಮ್ಮೂರಾಗ ನೆಟ್‌ವರ್ಕ್ ಬರತೈತೇನ್ರಿ?" ಎಂದ. ಆರನೆಯದೂ ಹೋಯಿತು, ಇನ್ನೇನು!

ಹುಡುಗಿ ನಾಲ್ಕನೆಯ ಕುರ್ಚಿಯ ಕಡೆ ತಿರುಗಿದಳು. "ನಾಕ ಮಂದ್ಯಾಗ ನನಗ ಒಂದೂ ಪ್ರಶ್ನಿ ಕೇಳಲಾರದವರು ಇವರೊಬ್ಬರ ನೋಡ್ರಿ."

ಮಗ ನಕ್ಕ. ಐದು ಮನೆಗಳಲ್ಲಿ ತುಟಿ ಬಿಚ್ಚದವನು ಹೊಟ್ಟೆ ಹಿಡಿದುಕೊಂಡು ನಕ್ಕ. ಅವಳೂ ನಕ್ಕಳು. ಮರುದಿನ ಫೋನು ಬಂತು: ಹುಡುಗಿ ಒಪ್ಪಿದ್ದಾಳೆ.

ಅದು ಮಗನ ನಗುವಿನ ಫಲವೆಂದು ನನ್ನ ವಾದ. ಕಲ್ಲಿನ ಕಾಲ್ಗುಣವೆಂದು ನನ್ನಾಕೆಯದು. ಕಾಲೆಲ್ಲಿದೆ ಎಂದು ಕೇಳುವ ಧೈರ್ಯ ನನಗಿಲ್ಲ.

ಮೊನ್ನೆ ಸವದತ್ತಿಯಲ್ಲಿ ಮೂಢನಂಬಿಕೆಯ ವಿರುದ್ಧ ಭಾಷಣವಿತ್ತು. ಕಾಲೇಜಿನ ಪರವಾಗಿ ನಾವು ಮೂವರು ನಮ್ಮ ಮನೆಯಿಂದಲೇ ಹೊರಟಿದ್ದೆವು. "ಮಾವಾರ, ಚೀಲ ಮರತ್ರಿ" ಎಂದು ಸೊಸೆ ಓಡಿಬಂದು ಕೈಗೆ ಕೊಟ್ಟಳು. ಚೀಲ ಭಾರವಾಗಿತ್ತು. ಒಳಗೇನಿದೆ ಎಂದು ನಾನು ಕೇಳಲಿಲ್ಲ.